ಹಬಶಿ ಅಜ್ಜನ ಒಂದು ಶಬ್ದ

ಗಂಡನಿಗೆ ಇಸ್ಪೀಟಿನ ಹುಚ್ಚು ಹಿಡಿದರೆ ಹೆಂಡತಿ ಬೈದು ಬಿಡಿಸಬಹುದು. ಇತಿಹಾಸದ ಹುಚ್ಚು ಹಿಡಿದರೆ ಅವಳೂ ಕೈಚೆಲ್ಲುತ್ತಾಳೆ. ಸೇಡಂ ಶಾಲೆಯ ಮಾಸ್ತರನಾದ ನನಗೆ, ನಿಜಾಮರ ಆಳ್ವಿಕೆ ಮುಗಿದ ಹೊಸದರಲ್ಲಿ ಹಿಡಿದದ್ದು ಈ ಎರಡನೆಯ ಹುಚ್ಚು. ಆಫ್ರಿಕಾದಿಂದ ಗುಲಾಮರಾಗಿ ಬಂದು ನಮ್ಮ ಸೀಮೆಯಲ್ಲಿ ಸಿಪಾಯಿಗಳಾಗಿ, ಸರದಾರರಾಗಿ ಬಾಳಿದ ಹಬಶಿಗಳ ಚರಿತ್ರೆಯನ್ನು ಸೈಕಲ್ ಮೇಲೆ ಹುಡುಕಲು ಹೊರಟೆ. “ಬಜಾರಕ್ಕ ಹೋಗ್ರಿ ಅಂದ್ರ ಮೊಣಕಾಲು ನೋಯ್ತಾವ. ಶಹಾಬಾದಿಗೆ ತುಳೀಲಿಕ್ಕ ನೋಯಂಗಿಲ್ಲೇನ್ರಿ?” ಎಂದಳು ಹೆಂಡತಿ.

ನೋಯುತ್ತಿದ್ದವು. ಚಿತ್ತಾಪುರದಲ್ಲಿ ಹಬಶಿ ಗೋರಿ ಎಂದು ಜನ ತೋರಿಸಿದ್ದು ಬಿದ್ದುಹೋದ ಸುಂಕದ ಕಟ್ಟೆ. ಶಹಾಬಾದಿನಲ್ಲಿ ನಿಜವಾದ ಗೋರಿಯೇ ಇತ್ತಂತೆ. ಕಲ್ಲಿನ ಗಣಿ ಅದನ್ನು ನುಂಗಿತ್ತು. ಅದರ ಚಪ್ಪಡಿ ಈಗ ಯಾರ ಬಚ್ಚಲಿನಲ್ಲಿದೆಯೋ! ಹತಾಶನಾಗಿ ಮರಳುವಾಗ ವಾಡಿ ಸ್ಟೇಷನ್ನಿನ ಮುಂದೆ ಸೈಕಲ್ಲಿನ ಸರಪಳಿ ಹರಿಯಿತು. ಟಾಂಗಾದ ಮೇಲಿದ್ದ ಎತ್ತರದ, ಗುಂಗುರು ಕೂದಲಿನ ಮುದುಕನೊಬ್ಬ ನಕ್ಕ. “ಕುದುರಿ ಆಗಿದ್ರ ಮ್ಯಾವು ಹಾಕಿ ಎಬ್ಬಿಸಬಹುದಿತ್ತು ಸಾಹೇಬ್ರ. ಇದಕ್ಕೇನ್ ಹಾಕ್ತೀರಿ? ಬರ್ರಿ, ಕುಂದ್ರಿ.”

ಅವನೇ ಯಾಕೂಬ್ ಮಿಯಾ. ನಿಜಾಮರ ಹಬಶಿ ಕುದುರೆಪಡೆಯಲ್ಲಿದ್ದವನು; ಪಡೆ ಮುರಿದ ಮೇಲೆ ಮಗಳು ಜುಬೇದಾಳೊಡನೆ ವಾಡಿಗೆ ಬಂದು ಟಾಂಗಾ ಹೊಡೆಯುತ್ತಿದ್ದ. ನಾನು ಅವನ ಪೂರ್ವಜರ ಬಗ್ಗೆ ಕೇಳಿದೆ.

“ನಮ್ಮ ದಾದಾನ್ನ, ಅಂದ್ರ ಅಜ್ಜನ್ನ, ಸಣ್ಣಾವಿದ್ದಾಗ ಹಡಗಿನ್ಯಾಗ ತಂದ್ರಂತ. ಭಾಷಾ ಎಲ್ಲ ಮರೆತುಬಿಟ್ಟಿದ್ದ. ಅವನ ತಾಯಿ ಕರೀತಿದ್ದ ಒಂದು ಮಾತಷ್ಟೇ ಉಳಿದಿತ್ತು.” ತುಟಿ ದುಂಡಗೆ ಮಾಡಿ ಮೆಲ್ಲಗೆ ನುಡಿದ: “ಮ್ವಾನ.” ಆಮೇಲೆ ನನ್ನ ಕೈ ಹಿಡಿದ. “ನೀವು ಭಾಳ ಓದಿದವ್ರು. ಇದರ ಅರ್ಥ ಏನಂತ ಕೇಳಿಕೊಂಡು ಬರ್ರಿ. ಸಾಯೂದರಾಗ ತಿಳೀಬೇಕು.”

ಆ ಶಬ್ದವನ್ನು ಬಾಯಲ್ಲಿಟ್ಟುಕೊಂಡು ರಜೆಯಲ್ಲೆಲ್ಲ ಸೈಕಲ್ ತುಳಿದೆ. ಸೇಡಂನ ಶಾಸ್ತ್ರಿಗಳು, “ಮಾನ ಅಂದ್ರ ಮರ್ಯಾದಿ” ಎಂದರು. ಮೌಲವಿಗಳು, “ಮಾನಾ ಅಂದ್ರ ಒಪ್ಪಿದೆ ಅಂತ” ಎಂದರು. ಚಿಂಚೋಳಿಯ ತೆಲುಗು ವ್ಯಾಪಾರಿಯೊಬ್ಬ, “ಮಾನು ಅಂಟೇ ಮರ ರೀ” ಎಂದು ಹೊಲದ ಬೇವಿನ ಮರ ತೋರಿಸಿದ. ಆಫ್ರಿಕಾ ನೋಡಿದವರು ಒಬ್ಬರೂ ಸಿಗಲಿಲ್ಲ.

ಬರಿಗೈಲಿ ವಾಡಿಗೆ ಹೋದೆ. ಟಾಂಗಾ ಮನೆಯ ಮುಂದೆ ಮೂಕಿ ಮೇಲೆ ಮಾಡಿ ನಿಂತಿತ್ತು, ಕುದುರೆ ಇರಲಿಲ್ಲ. ಜುಬೇದಾ ಬಾಗಿಲಿಗೆ ಬಂದಳು. “ಅಬ್ಬಾ ಹೋಗಿಬಿಟ್ರು. ಸೈಕಲ್ ಗಂಟಿ ಕೇಳಿದಾಗೆಲ್ಲ ‘ಮಾಸ್ತರ್ ಬಂದ್ರೇನು’ ಅಂತಿದ್ರು.”

ಹೊಸ್ತಿಲ ಹೊರಗೇ ಕುಳಿತೆ.

“ನಂಗ ಆ ಮಾತನ್ನ ಅಬ್ಬಾ ಸರಿಯಾಗಿ ಹೇಳಿಕೊಡಲಿಲ್ರಿ,” ಎಂದಳು. “ನೀವರ ಒಮ್ಮಿ ಅನ್ರಿ, ಕೇಳ್ತೀನಿ.”

“ಮಾನಾ,” ಎಂದೆ.

ಅವಳ ಮುಖ ಇಳಿಯಿತು. “ಅಬ್ಬಾ ಹಂಗ ಅಂತಿರಲಿಲ್ರಿ.”

“ಮತ್ತ ಹ್ಯಾಂಗ?”

ಅವಳು ತುಟಿ ದುಂಡಗೆ ಮಾಡಿದಳು. ಒಳಗಿಂದ ಏನೂ ಬರಲಿಲ್ಲ. ನಾನೂ ತುಟಿ ದುಂಡಗೆ ಮಾಡಿದೆ. ಹಾದಿಯಲ್ಲಿ ಹೋಗುವವರಿಗೆ ನಾವಿಬ್ಬರೂ ಒಲೆ ಊದುವವರಂತೆ ಕಂಡಿರಬೇಕು. ಸೇಡಂಗೆ ಮರಳುವ ದಾರಿಯುದ್ದಕ್ಕೂ ಪ್ರಯತ್ನಿಸಿದೆ. ಅವಳೆದುರು ಬರದೇ ಹೋದ ಆ ಉಚ್ಚಾರ ನೆನಪಾದದ್ದು ಮನೆಯ ಬಾಗಿಲಲ್ಲಿ ಸೈಕಲ್ಲಿನಿಂದ ಇಳಿದಾಗ. ಅದೇ ಹೌದೋ ಅಲ್ಲವೋ ಹೇಳುವವರು ಯಾರು?

“ಸಿಕ್ತೇನ್ರಿ ನಿಮ್ಮ ಇತಿಹಾಸ?” ಎಂದಳು ಹೆಂಡತಿ.

“ಸಿಕ್ಕಿತ್ತು,” ಎಂದೆ. “ಊರೂರು ತಿರುಗಿ ಕೇಳಿ ನಾನೇ ಸವೆಸಿಬಿಟ್ಟೆ.”