ಒಣಬಂಗುಡೆಗೆ ದಾಲ್ಚಿನ್ನಿ ಎಣ್ಣೆಯ ಅಭಿಷೇಕ

"ಈ ಮಳೆಗಾಲ ನಮ್ಮ ಭರಣಿಯ ಒಣಬಂಗುಡೆಗೆ ಒಂದೇ ಒಂದು ಚುಕ್ಕೆ ಬೂಷ್ಟು ಬಂದರೂ ನನ್ನ ಮೀಸೆ ಬೋಳಿಸುತ್ತೇನೆ!" ಎಂದು 2008ರ ಮೇ ತಿಂಗಳಲ್ಲಿ ತ್ರಾಸಿಯ ನಮ್ಮ ಮನೆಯ ಜಗಲಿಯಲ್ಲಿ ನಿಂತು ಘೋಷಿಸಿಬಿಟ್ಟೆ.

ಜುಲೈಯಲ್ಲಿ ಮುಂಬಯಿಯಿಂದ ಭಾವ ಮಂಜಯ್ಯ ಬರುವವರಿದ್ದರು, ತಂಗಿಯ ಕೈಯ ಒಣಮೀನು ಚಟ್ನಿಗೆಂದೇ! ಹೋದ ವರ್ಷ ಮೀನಿಗೆ ಬೂಷ್ಟು ಹಿಡಿದು, ಅಣ್ಣನಿಗೆ ಬರೀ ಸಾರು ಬಡಿಸಬೇಕಾಗಿ ಬಂದದ್ದಕ್ಕೆ ನನ್ನ ಹೆಂಡತಿ ಕುಸುಮಾವತಿ ಇನ್ನೂ ಕೊರಗುತ್ತಿದ್ದಳು.

ನಾನು ಪೇಪರಿನಲ್ಲಿ ಓದಿದ್ದೆ. ದಾಲ್ಚಿನ್ನಿ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಎಂಬ ಮಹಾಪುರುಷನಿದ್ದಾನೆ. ಅವನಿದ್ದಲ್ಲಿ ಬೂಷ್ಟು ಬೆಳೆಯದು, ಇರುವೆ ಸುಳಿಯದು, ಸೊಳ್ಳೆಮರಿ ಬದುಕದು! ಒಂದು ಮರದ ತೊಗಟೆಗೆ ಇಷ್ಟು ಪರಾಕ್ರಮವೇ! ನನಗಂತೂ ಭಕ್ತಿಯೇ ಬಂದುಬಿಟ್ಟಿತು. ಕುಂದಾಪುರಕ್ಕೆ ಹೋಗಿ ಬಾಟಲಿ ತಂದೆ. 'ತೆಳು ಮಾಡದೆ ಬಳಸಬೇಡಿ, ಕೈಗವಸು ಹಾಕಿ' ಎಂದು ಅದರ ಮೇಲೆ ಬರೆದಿತ್ತು. ಅದೆಲ್ಲ ಪುಕ್ಕಲರಿಗೆ! ಬರಿಗೈಯಲ್ಲೇ ಮೀನಿಗೂ ಭರಣಿಗೂ ತಿಕ್ಕಿದೆ. ಬೆವರಿಳಿಯಿತು. ಅದೇ ಕೈಯಲ್ಲಿ ಹಣೆ, ಕುತ್ತಿಗೆ ಒರೆಸಿಕೊಂಡೆ.

ಅಯ್ಯಯ್ಯೋ! ಮೆಣಸು ಅರೆದು ಬಳಿದ ಹಾಗೆ ಉರಿ! ಬಾವಿಕಟ್ಟೆಗೆ ಓಡಿ ನೀರು ಸುರಿದುಕೊಂಡೆ.

"ಹ್ವಾಯ್, ಎಂತ ಆಯ್ತ್?" ಕುಸುಮಾವತಿ ಓಡಿಬಂದಳು.

"ಎಣ್ಣಿ ತಾಗಿತ್ ಮಾರಾಯ್ತಿ! ಉರಿ!"

"ನೀರ್ ಹಾಕ್ರೆ ಎಣ್ಣಿ ಹೋತ್ತಾ? ತೆಂಗಿನೆಣ್ಣಿ ಹಚ್ಕಣಿ. ಬಾಟ್ಲಿ ಮೇಲ್ ಬರ್ದದ್ ಓದ್ಲಿಲ್ಯಾ?"

"ಓದಿದೆ..."

"ಓದಿಯೂ ಹಿಂಗಾ!"

ಮುಖ ಕೆಂಪಾದರೇನು, ಎಣ್ಣೆ ಮಾತು ಉಳಿಸಿಕೊಂಡಿತು! ಜುಲೈಯಲ್ಲಿ ಚಪ್ಪಲಿಗೆ ಬೂಷ್ಟು, ನನ್ನ ಮದುವೆಯ ಕೋಟಿಗೂ ಬೂಷ್ಟು. ಮೀನು ಮಾತ್ರ ಇಟ್ಟ ಹಾಗೇ ಇತ್ತು. ನಾನು ಎದೆಯುಬ್ಬಿಸಿ ಓಡಾಡಿದೆ. ಅಣ್ಣ ಬಂದ ದಿನ ಕುಸುಮಾವತಿಯೂ ಖುಷಿಯಿಂದ ಬಂಗುಡೆ ಸುಟ್ಟು ಚಟ್ನಿ ಅರೆದಳು.

ಆಚೆಮನೆಯ ರತ್ನ ಪರಿಮಳಕ್ಕೆ ಮೂಗರಳಿಸಿ ಬೇಲಿಯಿಂದಲೇ ಕೂಗಿದಳು, "ಕುಸುಮಕ್ಕಾ, ಇವತ್ತ್ ಎಂತ ವಿಶೇಷ? ಪಲಾವಾ?"

ಭಾವ ಗಂಜಿಯ ಜೊತೆ ಒಂದು ತುತ್ತು ಚಟ್ನಿ ಬಾಯಿಗಿಟ್ಟರು. ಕಣ್ಣಲ್ಲಿ ನೀರು! ಚೊಂಬು ನೀರನ್ನು ಗಟಗಟ ಕುಡಿದು, "ಇದ್ರಗೆ ಮೀನ್ ಎಲ್ಲಿತ್ತ್ ಭಾವಾ?" ಎಂದು ಕೇಳಿ ಕೈತೊಳೆಯಲು ಎದ್ದರು.

"ಆದ್ರೂ ಬೂಷ್ಟ್ ಬಂತಾ? ಕಾಣಿ!" ಎಂದೆ ನಾನು, ಬಿಡದೆ.

ಕುಸುಮಾವತಿ ಇಡೀ ಭರಣಿಯನ್ನು ಎತ್ತಿ ತಂದು ನನ್ನ ಬಟ್ಟಲಿನ ಪಕ್ಕ ಇಟ್ಟಳು.

"ನಿಮ್ ಎಣ್ಣಿ ಭಾರೀ ಎಣ್ಣಿಯೇ. ಬೂಷ್ಟ್ ಬರ್ಲಿಲ್ಲ, ಇರ್ವಿ ಬರ್ಲಿಲ್ಲ, ಬೆಕ್ಕ್ ಮೂಸ್ಲಿಲ್ಲ, ಮುಂಬಯಿಂದ ಬಂದ ಅಣ್ಣನೂ ಎದ್ದ್ ಹ್ವಾದ. ಇನ್ ಪಾಲಿಗ್ ಬಪ್ಪೋರ್ ಯಾರೂ ಇಲ್ಲ. ಚೌತಿವರೆಗೆ ನೀವೊಬ್ರೇ ತಿನ್ನಿ!"