ಮೂರು ಪಥ್ಯ, ಒಂದು ಹೊಟ್ಟೆ

ದರ್ಜಿಯ ಸಂಕಟಕ್ಕೆಲ್ಲ ಮೂಲ ಅವನ ಬಟ್ಟೆ ಕತ್ತರಿಸುವ ಮೇಜು. ಆ ಅಂಗಡಿ ಸಾಲಿನಲ್ಲಿ ಅಷ್ಟಗಲದ ಮೇಜು ಇನ್ನೊಂದಿರಲಿಲ್ಲ. ಮಧ್ಯಾಹ್ನವಾದರೆ ಅಕ್ಕಪಕ್ಕದವರು ಡಬ್ಬಿ ಹಿಡಿದು ಬಂದು, ಬಟ್ಟೆ ಸರಿಸಿ, ಅದರ ಸುತ್ತ ಊಟಕ್ಕೆ ಕೂರುತ್ತಿದ್ದರು. ಕೂತವರು ಅವರವರ ಡಬ್ಬಿ ನೋಡಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಡಾಕ್ಟರಮ್ಮ ದರ್ಜಿಗೆ ಹೇಳಿದ್ದರು: "ಮಾತ್ರೆ ಒಂದೇ ಸಾಲದು, ಊಟಾನೂ ಸರಿ ಮಾಡ್ಕೊಳ್ಳಿ. ಸಕ್ಕರೆ ಇಳೀಲಿಲ್ಲಾಂದ್ರೆ ಇನ್ಸುಲಿನ್ ಚುಚ್ಕೋಬೇಕಾಗತ್ತೆ."

ದರ್ಜಿಗೆ ಸೂಜಿಯೆಂದರೆ ಪ್ರಾಣ. ಆದರೆ ಅದರ ಮೊನೆ ಬಟ್ಟೆಯ ಕಡೆಗಿರುವ ತನಕ ಮಾತ್ರ; ತನ್ನ ಕಡೆ ತಿರುಗಿತೆಂದರೆ ಪ್ರಾಣವೇ ಹೋದಂತೆ. ಈ ಸಂಕಟವನ್ನು ಅವನು ಅದೇ ಮೇಜಿನ ಮೇಲೆ ಬಿಚ್ಚಿಟ್ಟ. ಅಂದಿನಿಂದ ಅವನ ಹೊಟ್ಟೆ ಅವನದಾಗಿ ಉಳಿಯಲಿಲ್ಲ.

ಬೀಗ ರಿಪೇರಿಯವನು ಮೊದಲು ಬಾಯಿ ಹಾಕಿದ. "ನೋಡಿ ಟೈಲರೇ, ಇನ್ಸುಲಿನ್ ಅಂದ್ರೆ ಕೀಲಿಕೈ. ನಿಮ್ಮ ಮೈಯಲ್ಲಿ ಕೀಲಿಕೈ ಇದೆ, ಬೀಗ ತುಕ್ಕು ಹಿಡಿದಿದೆ. ಅನ್ನ, ಬ್ರೆಡ್ಡು ಬಿಡಿ. ಬೆಣ್ಣೆ, ಮೊಟ್ಟೆ ತಿನ್ನಿ. ಜಿಡ್ಡು ಬಿದ್ರೆ ತಾನೇ ಬೀಗ ತಿರುಗೋದು?"

"ಜಿಡ್ಡು ತುಂಬ್ಕೊಂಡೇ ಅಣ್ಣಾ ಬೀಗ ಕಚ್ಕೊಂಡಿರೋದು!" ಎಂದಳು ಪಕ್ಕದ ಜೆರಾಕ್ಸ್ ಅಂಗಡಿಯ ಅಕ್ಕ. "ಕಾಳು, ಸೊಪ್ಪು, ತರಕಾರಿ ಬಿಟ್ಟು ಬೇರೇನೂ ಮುಟ್ಟಬೇಡಿ. ಎಣ್ಣೆ ಅಂತೂ ಮೂಸೋ ಹಾಗಿಲ್ಲ."

ಚಪ್ಪಲಿ ಅಂಗಡಿಯ ಯಜಮಾನರು ನಿಧಾನವಾಗಿ ನಕ್ಕರು. "ಹೊತ್ತು ಗೊತ್ತಿಲ್ದೆ ಬಾಗಿಲು ತಟ್ತಾ ಇದ್ರೆ ಯಾರು ರೀ ತೆಗೀತಾರೆ? ಏನಾದ್ರೂ ತಿನ್ನಿ, ದಿನಕ್ಕೆ ಒಂದೇ ಹೊತ್ತು ತಿನ್ನಿ. ಉಳಿದ ಹೊತ್ತು ಬಾಯಿಗೆ ಹೊಲಿಗೆ ಹಾಕಿ."

ದರ್ಜಿಯದು ಯಾರ ಅಳತೆಗಾದರೂ ಹೊಂದಿಸಿಕೊಡುವ ಜಾಯಮಾನ. ಯಾರು ಎದುರಿಗೆ ಕೂತರೋ ಆ ದಿನ ಅವರ ಪಥ್ಯ. ಡಬ್ಬಿ ಕಟ್ಟಿ ಕಟ್ಟಿ ಸಾಕಾದ ಹೆಂಡತಿ, "ಹೊಟ್ಟೇನ ಬಾಡಿಗೆಗೆ ಕೊಟ್ಟಿದೀರೇನ್ರೀ? ಬಾಡಿಗೆದಾರರನ್ನೇ ಅಡುಗೆಗೂ ಕರೀರಿ," ಎಂದು ಒಲೆ ಆರಿಸಿದ್ದಳು.

ಇಂದು ಸಂಜೆ ಡಾಕ್ಟರಮ್ಮನ ತೀರ್ಪು. ದರ್ಜಿ ಬೆಳಿಗ್ಗೆಯೇ ಪರೀಕ್ಷೆಗೆ ರಕ್ತ ಕೊಟ್ಟು, ಕಣ್ಣು ಮುಚ್ಚಿಕೊಂಡೇ ಅರ್ಧ ದಾರಿ ನಡೆದು ಬಂದಿದ್ದ. ಮಧ್ಯಾಹ್ನ ಮೂವರೂ ಒಟ್ಟಿಗೆ ಹಾಜರಾದರು. ಕೊನೆಯ ದಿನವಲ್ಲವೇ?

ಬೀಗದವನು ಬೆಣ್ಣೆ ಸವರಿದ ಮೊಟ್ಟೆ ಮುಂದಿಟ್ಟ. ಜೆರಾಕ್ಸ್ ಅಕ್ಕ ಅದನ್ನು ಸರಿಸಿ ಬೇಯಿಸಿದ ಕಾಳು ಇಟ್ಟಳು. ಯಜಮಾನರು ಎರಡನ್ನೂ ಸರಿಸಿ, "ನಿನ್ನೆ ರಾತ್ರಿ ಉಂಡಿದೀರಲ್ಲ, ಇನ್ನೂ ಯಾಕೆ ಆತುರ?" ಎಂದರು.

"ಒಂದು ಸೌತೆಕಾಯಿನಾದ್ರೂ..." ಎಂದ ದರ್ಜಿ.

"ಬೆಣ್ಣೆ ಜೊತೆ ಆದ್ರೆ ತಿನ್ನಿ."

"ಬೆಣ್ಣೆ ಜೊತೆ ಆದ್ರೆ ಬೇಡ!"

"ಯಾವುದರ ಜೊತೆಗೂ ಈಗ ಬೇಡ."

ಸೌತೆಕಾಯಿ ಕೈಯಿಂದ ಕೈಗೆ ಸುತ್ತಿ ಕೊನೆಗೆ ಯಜಮಾನರ ಬಾಯಿ ಸೇರಿತು.

ಹಸಿದ ಕಣ್ಣಿಗೆ ಬಟ್ಟೆಯ ಗೆರೆಗಳು ಎರಡೆರಡಾಗಿ ಕಂಡವು. ಬ್ಯಾಂಕ್ ಮ್ಯಾನೇಜರರ ಕೋಟಿಗೆ ಎರಡೂ ತೋಳು ಎಡಗಡೆಯೇ ಕೂತವು. ಅವರು ಬಂದು ತೊಟ್ಟು ನೋಡಿ, "ಇದೇನ್ರೀ ಟೈಲರೇ, ನಾನು ಮನುಷ್ಯ ಕಣ್ರೀ, ಟೀ ಕಪ್ ಅಲ್ಲ!" ಎಂದು ಕೋಟನ್ನು ಮೇಜಿಗೆಸೆದು ಹೋದರು. "ಕೋಟು ಹೋದ್ರೆ ಹೋಗ್ಲಿ ಬಿಡಿ, ಸೂಜಿ ತಪ್ಪತ್ತಲ್ಲ," ಎಂದು ಮೂವರೂ ಸಮಾಧಾನ ಹೇಳಿದರು. ಸಮಾಧಾನದಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು.

ಸಂಜೆ ಅಂಗಡಿ ಮುಚ್ಚಿ ಮೂವರೂ ದರ್ಜಿಯನ್ನು ಮದುಮಗನಂತೆ ನಡುವೆ ಹಾಕಿಕೊಂಡು ಆಸ್ಪತ್ರೆಗೆ ಹೊರಟರು.

ಡಾಕ್ಟರಮ್ಮ ರಿಪೋರ್ಟ್ ನೋಡಿದರು, ದರ್ಜಿಯ ಬಾಡಿದ ಮುಖ ನೋಡಿದರು. "ಮಧ್ಯಾಹ್ನ ಊಟ ಮಾಡಿಲ್ವಾ? ಇದು ಮೂರು ತಿಂಗಳ ಸರಾಸರಿ ಕಣ್ರೀ. ಇವತ್ತು ಉಪವಾಸ ಇದ್ರೆ ಏನು ಬಂತು? ಮಾತ್ರೆ ನುಂಗಿ ಹೀಗೆ ಹಸ್ಕೊಂಡಿರಬಾರದು."

ದರ್ಜಿಗೆ ಆ ಸೌತೆಕಾಯಿಯ ನೆನಪಾಗಿ ಕಣ್ಣು ತುಂಬಿತು.

"ಆದ್ರೂ ಪರವಾಗಿಲ್ಲ. ತೂಕ ಇಳಿದಿದೆ, ಸಕ್ಕರೆನೂ ಇಳಿದಿದೆ. ಇಂಜೆಕ್ಷನ್ ಸದ್ಯಕ್ಕೆ ಬೇಡ."

ದರ್ಜಿಗೆ ಹೋದ ಜೀವ ಬಂದಂತಾಯಿತು. ಅದು ಪೂರ್ತಿ ಬಂದು ತಲುಪುವ ಮೊದಲೇ ಬೀಗದವನು ಎದೆ ತಟ್ಟಿದ. "ನನ್ನ ಬೆಣ್ಣೆ!"

"ಬೆಣ್ಣೆಯಂತೆ! ನನ್ನ ಕಾಳು ಕಣ್ರೀ!"

"ಇಬ್ರೂ ಸುಮ್ನಿರಿ. ಉಪವಾಸ ಮಾಡ್ಸಿದ್ದು ಯಾರು?"

ಡಾಕ್ಟರಮ್ಮ ಕೈ ಎತ್ತಿದರು. "ನೀವು ಹೇಳೋ ಒಂದೊಂದು ಪಥ್ಯಾನೂ ಒಬ್ಬೊಬ್ರ ಮೈಗೆ ಒಗ್ಗತ್ತೆ. ಇನ್ಸುಲಿನ್ ಮಾತು ಮೈ ಕೇಳ್ಬೇಕಾದ್ರೆ ಯಾವುದಾದ್ರೂ ಒಂದನ್ನ ಬಿಡದೆ ಹಿಡೀಬೇಕು, ಅಷ್ಟೆ. ಇವರ ಮೈಗೆ ಯಾವುದು ಒಗ್ಗಿದೆ?"

"ನಂದೇ!" ಎಂದವು ಮೂರು ಬಾಯಿ.

"ಹಾಗಾದ್ರೆ ನೋಡೇ ಬಿಡೋಣ. ಒಬ್ಬೊಬ್ರ ಪಥ್ಯ ಒಂದೊಂದು ತಿಂಗಳು. ಪ್ರತಿ ಊಟಕ್ಕೂ ಮುಂಚೆ ಒಂದ್ಸಲ, ಆಮೇಲೊಂದ್ಸಲ ಬೆರಳಿಗೆ ಚುಚ್ಚಿ, ಈ ಯಂತ್ರದಲ್ಲಿ ರಕ್ತದ ಸಕ್ಕರೆ ನೋಡಿ."

ದರ್ಜಿ ಬೆರಳು ಮಡಚಿ ಲೆಕ್ಕ ಹಾಕಿದ. "ಡಾಕ್ಟ್ರಮ್ಮಾ... ಆ ಇನ್ಸುಲಿನ್ ಆಗಿದ್ರೆ ದಿನಕ್ಕೆಷ್ಟು ಸಲ ಚುಚ್ಕೋಬೇಕಿತ್ತು?"

"ಮಲಗೋ ಮುಂಚೆ ಒಂದೇ ಒಂದ್ಸಲ. ಗೊತ್ತೇ ಆಗಲ್ಲ."

"ಹಾಗಾದ್ರೆ ಅದನ್ನೇ..."

ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಬೀಗದವನು ಆಗಲೇ ಯಂತ್ರ ಕೈಗೆತ್ತಿಕೊಂಡು, ದರ್ಜಿಯ ತೋರುಬೆರಳನ್ನು ಭದ್ರವಾಗಿ ಹಿಡಿದಿದ್ದ.

"ಬಿಡಿ ಅಣ್ಣಾ," ಎಂದಳು ಜೆರಾಕ್ಸ್ ಅಕ್ಕ. "ಆ ಬೆರಳು ನಂಗೆ ಬೇಕು. ನೀವು ಪಕ್ಕದ್ದು ತಗೊಳ್ಳಿ."