ಮನೆಗೆಲ್ಲ ಇದ್ದಿಲು ಬಣ್ಣ

ಬೆಳಗಿನ ಏಳು ಗಂಟೆಗೆ ಗಿರಣಿಯಣ್ಣ ತನ್ನ ನಡುಮನೆಯಲ್ಲಿ ಸ್ಟೂಲಿನ ಮೇಲೆ ನಿಂತು, ಅಟ್ಟದೊಳಗೆ ತೋಳು ತೂರಿಸಿ, ಹಳೆಯ ಸೀಮೆಎಣ್ಣೆ ಸ್ಟೌವಿನ ಹಿಂದೆ ಬಚ್ಚಿಟ್ಟಿದ್ದ ಕ್ರೀಮ್ ಬಿಸ್ಕತ್ತಿನ ಡಬ್ಬಿಗೆ ತಡಕಾಡುತ್ತಿದ್ದ. ಡಬ್ಬಿ ಸಿಕ್ಕಿತು. ಬಿಸ್ಕತ್ತು ಬಾಯಿಗೂ ಬಿತ್ತು. ಅಷ್ಟರಲ್ಲಿ ಸ್ಟೂಲು ವಾಲಿತು. ಬೀಳದಿರಲೆಂದು ಅವನು ಬಲಗೈಯನ್ನು ಗೋಡೆಗೆ ಊರಿದ.

ಬಿದ್ದಿದ್ದರೇ ವಾಸಿಯಾಗಿತ್ತು. ಹಾಲಿನಂಥ ಬಿಳಿ ಗೋಡೆಯ ಮೇಲೆ, ಅಟ್ಟದ ಕೆಳಗೇ, ಸ್ಟೌವಿನ ಮಸಿಯಲ್ಲಿ ಐದು ಬೆರಳಿನ ಗುರುತು ಮೂಡಿತು. ಐದು ಅಂದರೆ ನಾಲ್ಕೂವರೆ. ಹತ್ತು ವರ್ಷದ ಹಿಂದೆ ಹಿಟ್ಟಿನ ಗಿರಣಿಯ ಬೆಲ್ಟು ಅವನ ಕಿರುಬೆರಳಿನ ತುದಿಯನ್ನು ನುಂಗಿತ್ತು. ಊರಿನಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಸಹಿ ಹಾಕಿ ಒಪ್ಪಿಕೊಂಡಿದ್ದರೂ ಇಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಡಾಕ್ಟರು ಅವನ ರಕ್ತಪರೀಕ್ಷೆಯ ಚೀಟಿ ನೋಡಿ ಹುಬ್ಬು ಏರಿಸಿದ್ದೇ, ಮನೆಯಲ್ಲಿ ಸಕ್ಕರೆಗೆ ಬೀಗ ಬಿದ್ದಿತ್ತು. ಹೆಂಡತಿ ಹೆಚ್ಚು ಮಾತಾಡಿರಲಿಲ್ಲ. “ಇನ್ನೊಂದ್ಸಲ ಸಿಹಿ ಮುಟ್ಟಿದ್ದು ಗೊತ್ತಾಯ್ತೋ, ಅಕ್ಕನ್ನ ಕರ್ಕೊಂಡ್ಬಂದು ಆರು ತಿಂಗಳು ಇಲ್ಲೇ ಇಟ್ಕೋತೀನಿ” ಎಂದಿದ್ದಳು, ಅಷ್ಟೇ.

ಅಕ್ಕ ಎಂದರೆ ನಿವೃತ್ತ ಹೆಡ್ ನರ್ಸು. ಅವಳ ವಾರ್ಡಿನ ರೋಗಿಗಳು ಅವಳಿಗೆ ಹೆದರಿಯೇ ಬೇಗ ಗುಣವಾಗುತ್ತಿದ್ದರಂತೆ. ಹಿಂದೊಮ್ಮೆ ಒಂದು ವಾರಕ್ಕೆ ಬಂದಿದ್ದಾಗ ಗಿರಣಿಯಣ್ಣನನ್ನು ಐದು ಗಂಟೆಗೆ ಎಬ್ಬಿಸಿ ನಡೆಸಿ, ದಿನಕ್ಕೆ ಎರಡು ಸಲ ತೂಗಿ, ಉಪ್ಪಿಲ್ಲದ ಗಂಜಿ ಕುಡಿಸಿದ್ದಳು. ಹೆಂಡತಿ ಈಗ ಹೋಗಿರುವುದು ಆ ನರ್ಸಕ್ಕನ ಮನೆಗೇ. ಸಂಜೆ ಆರಕ್ಕೆ ವಾಪಸು.

ಒದ್ದೆ ಬಟ್ಟೆಯಿಂದ ಒರೆಸಿದ. ಕೈಯಷ್ಟಿದ್ದ ಮಸಿ ಮೊರದಷ್ಟಾಯಿತು. ಅದರ ನಡುವೆ ಬೆರಳುಗಳು ಮಾತ್ರ ಹಾಗೇ ಉಳಿದವು. ಬಣ್ಣದಂಗಡಿಗೆ ಓಡಿದ.

“ಬಿಳಿ ಕೊಡಿ, ಒಂದು ಗೋಡೆಗೆ ಸಾಕು.”

“ಯಾಕೆ, ಏನಾಯ್ತು?”

“ಸ್ವಲ್ಪ ಮಸಿ.”

“ಹಾಗಿದ್ರೆ ಬಿಳಿ ದಂಡ,” ಎಂದ ಅಂಗಡಿಯವನು. “ಎಷ್ಟು ಹೊಡೆದ್ರೂ ಮಸಿ ಮೇಲೆ ಎದ್ದು ಬರತ್ತೆ. ಇದ್ದಿಲು ಬಣ್ಣ ತಗೊಳ್ಳಿ. ಈಗ ದೊಡ್ಡ ದೊಡ್ಡ ಮನೆಗಳಲ್ಲೆಲ್ಲ ಇದೇ. ಒಂದೇ ಕೋಟು, ಎರಡು ಗಂಟೇಲಿ ಒಣಗತ್ತೆ. ಇದರ ಕೆಳಗೆ ಏನಿತ್ತು ಅಂತ ದೇವರಿಗೂ ಗೊತ್ತಾಗಲ್ಲ.”

ದೇವರ ವಿಷಯ ಗಿರಣಿಯಣ್ಣನಿಗೆ ಬೇಕಿರಲಿಲ್ಲ. ಹೆಂಡತಿಗೆ ಗೊತ್ತಾಗದಿದ್ದರೆ ಸಾಕಿತ್ತು.

ಒಂಬತ್ತರ ಹೊತ್ತಿಗೆ ಗೋಡೆ ಕಪ್ಪಾಗಿ, ಕೈಗುರುತು ಮಾಯವಾಗಿತ್ತು. ಅವನು ನಿಟ್ಟುಸಿರು ಬಿಡುವಷ್ಟರಲ್ಲಿ ಮೇಲಿನ ಮನೆಯ ಟೈಲರಮ್ಮ ವಾಸನೆ ಹಿಡಿದು ಇಳಿದು ಬಂದಳು. ಕೊರಳಲ್ಲಿ ಅಳತೆಯ ಟೇಪು, ತುಟಿಯಲ್ಲಿ ಎರಡು ಗುಂಡುಪಿನ್ನು.

“ಒಂದೇ ಗೋಡೆ ಯಾಕಣ್ಣಾ? ಬಿಳಿ ಅಂಗಿಗೆ ಕಪ್ಪು ತೇಪೆ ಹಾಕಿದ ಹಾಗಿದೆ. ತೇಪೆ ಕಂಡ್ರೆ ಜನ ಕೇಳೋದು ಒಂದೇ ಮಾತು, ಎಲ್ಲಿ ಹರಿದಿತ್ತು ಅಂತ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳು ಹೇಳುವುದು ನಿಜ. ಒಂದು ಗೋಡೆ ಬಳಿದರೆ ಏನನ್ನೋ ಮುಚ್ಚಿದಂತೆ. ಮನೆಯೆಲ್ಲ ಬಳಿದರೆ ಮಾತ್ರ ಅದು ಅಭಿರುಚಿ. ಅವನು ಮತ್ತೆ ಅಂಗಡಿಗೆ ಓಡಿ ನಾಲ್ಕು ಡಬ್ಬ ಹೊತ್ತು ತಂದ.

ತರುವಷ್ಟರಲ್ಲಿ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಬ್ರಷ್ ಹಿಡಿದು ಹೊಸ್ತಿಲಲ್ಲೇ ನಿಂತಿದ್ದರು. ಮೂವತ್ತೈದು ವರ್ಷದ ಸೇವೆಯಲ್ಲಿ ಅವರ ಪಾಲಿಗೆ ಬಂದದ್ದು ಬರೀ ಸೀಮೆಸುಣ್ಣದ ತುಂಡು. ಒಂದಿಡೀ ಮನೆ ಕೈಗೆ ಸಿಕ್ಕಿದ್ದು ಇದೇ ಮೊದಲು.

“ನೀನು ಪಕ್ಕಕ್ಕೆ ನಿಲ್ಲು. ಇದು ಹಿಟ್ಟು ಬೀಸೋ ಕೆಲಸ ಅಲ್ಲ,” ಎಂದರು.

ಮೇಷ್ಟ್ರು ನಡುಮನೆ ಮುಗಿಸಿ ಮಲಗುವ ಕೋಣೆಗೆ ನುಗ್ಗಿದರು. ಟೈಲರಮ್ಮ ಅಡಿಗೆಮನೆ ಹಿಡಿದಳು. ಉತ್ಸಾಹದಲ್ಲಿ ಮೇಷ್ಟ್ರು ಸ್ವಿಚ್ಚುಗಳಿಗೂ, ಗೋಡೆ ಗಡಿಯಾರದ ಅರ್ಧ ಮುಖಕ್ಕೂ ಬಳಿದುಬಿಟ್ಟರು. ಆಮೇಲೆ ಆ ಮನೆಯಲ್ಲಿ ಒಂದರಿಂದ ಆರರವರೆಗಿನ ಗಂಟೆಗಳೇ ಇರಲಿಲ್ಲ. ನೀರು ಕುಡಿಯಲು ಹೊರಟ ಗಿರಣಿಯಣ್ಣ ಅಡಿಗೆಮನೆಯ ಬಾಗಿಲು ಎಂದುಕೊಂಡು ಗೋಡೆಗೆ ಹಣೆ ಬಡಿದುಕೊಂಡ. ಮೂರು ಗಂಟೆಗೆ ಮನೆ, ನಡುಹಗಲಲ್ಲೇ ಕಾವಳ ಕವಿದಂತೆ ನಿಂತಿತ್ತು.

ಆಗ ಬೇಕರಿಯವನು ಬಂದ. “ಬಾಗಿಲು ಎಲ್ಲಣ್ಣಾ ಇದೆ?” ಎಂದು ಹೊರಗಿಂದಲೇ ಕೂಗಿದ. “ಎರಡು ಮೂಟೆ ಗೋಧಿ ಬೆಳಗಿಂದ ನಿನ್ನ ಗಿರಣಿ ಮುಂದೆ ಬಿದ್ದಿದೆ. ಈಗ ಬೀಸಿ ಕೊಡದಿದ್ರೆ ನಾಳೆ ಬೀದಿಗೆಲ್ಲ ಬ್ರೆಡ್ಡಿಲ್ಲ. ಯಾರಿಂದ ಅಂತ ಕೇಳಿದ್ರೆ ನಿನ್ನ ಹೆಸರೇ ಹೇಳ್ತೀನಿ.”

ಗಿರಣಿಯಣ್ಣ ಹೋಗಿ ಎರಡು ಮೂಟೆ ಬೀಸಿದ. ಐದೂವರೆಗೆ ಮನೆಗೆ ಬಂದಾಗ ತಲೆಯಿಂದ ಹಿಮ್ಮಡಿಯವರೆಗೆ ಹಿಟ್ಟು. ಅದೇನು ಅವನಿಗೆ ಹೊಸದಲ್ಲ. ಇಪ್ಪತ್ತು ವರ್ಷದಿಂದ ಹಿಟ್ಟು ಅವನ ಮೈಗೆ ಎರಡನೇ ಅಂಗಿ ಇದ್ದ ಹಾಗೆ. ಇದೆಯೆಂದು ಅವನಿಗೆ ನೆನಪೇ ಇರುತ್ತಿರಲಿಲ್ಲ.

ಮೇಷ್ಟ್ರೂ ಟೈಲರಮ್ಮನೂ ಮೈ ತೊಳೆದುಕೊಳ್ಳಲು ಹೋಗಿದ್ದರು. ಬಣ್ಣ ಒಣಗಿತ್ತು. ಮಬ್ಬುಗತ್ತಲೆಯ ನಡುಮನೆಯಲ್ಲಿ ಅವನೊಬ್ಬನೇ ನಿಂತು ಸುತ್ತ ನೋಡಿದ. ಗೆದ್ದೆ ಅನ್ನಿಸಿತು. ಗೆದ್ದವನಿಗೆ ಒಂದು ಬಿಸ್ಕತ್ತು ಕೂಡ ಬೇಡವೇ?

ಈ ಸಲ ಅವನು ಪೆದ್ದನಾಗಲಿಲ್ಲ. ಗೋಡೆ ತಡವುತ್ತ ಅಡಿಗೆಮನೆಯಿಂದ ಸ್ಟೂಲು ತಂದು, ಮೊದಲು ಮಸಿ ಸ್ಟೌವನ್ನು ಕಾಗದದಲ್ಲಿ ಹಿಡಿದು ಇಳಿಸಿ ಹಿತ್ತಲಿಗೆ ಸಾಗಿಸಿದ. ಸ್ಟೂಲಿನ ಕಾಲಿಗೆ ರಟ್ಟು ಕೊಟ್ಟ. ಕೈಯನ್ನು ಕಣ್ಣ ಹತ್ತಿರ ಹಿಡಿದು ಮಸಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗೋಡೆ ಹಿಡಿದು ನಿಧಾನವಾಗಿ ಹತ್ತಿ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಒಂದಲ್ಲ, ಮೂರು ತಿಂದ. ಡಬ್ಬಿ ಅಟ್ಟದ ಮೂಲೆ ಸೇರಿತು. ಸ್ಟೂಲು ಅಡಿಗೆಮನೆ ಸೇರಿತು.

ಆರಕ್ಕೆ ಹೊರಗೆ ಗಾಡಿ ನಿಂತ ಸದ್ದು. ಹೆಂಡತಿಯ ಹಿಂದೆಯೇ ಪೆಟ್ಟಿಗೆ ಹಿಡಿದು ನರ್ಸಕ್ಕ ಇಳಿದಳು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಿತಂತೆ.

“ಗಾಬರಿ ಬೇಡ, ಎರಡೇ ದಿನ. ನೋಡ್ಕೊಂಡು ಹೋಗೋಣ ಅಂತ,” ಎಂದಳು ನರ್ಸಕ್ಕ.

ಹೆಂಡತಿ ಹೊಸ್ತಿಲಲ್ಲೇ ನಿಂತುಬಿಟ್ಟಳು. “ಇದು ನಮ್ಮನೇನಾ?”

ಗಿರಣಿಯಣ್ಣ ಗಿರಣಿಯಿಂದ ಬರುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತನ್ನು ಒಪ್ಪಿಸಿದ. “ಬಿಳಿ ಗೋಡೆ ಉಜ್ಜಿ ಉಜ್ಜಿ ನಿನ್ನ ಕೈ ಸವೀತು. ಅದಕ್ಕೇ... ನೀನು ಬರೋದ್ರೊಳಗೆ...”

ಹೆಂಡತಿಯ ಕಣ್ಣು ತುಂಬಿತು. “ಹದಿನೆಂಟು ವರ್ಷದಲ್ಲಿ ನೀವಾಗೇ ನನಗೋಸ್ಕರ ಒಂದು ಕೆಲಸ ಮಾಡಿದ್ದು ಇದೇ ಮೊದಲು ಕಣ್ರೀ,” ಎಂದಳು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ನಾಳೆಯಿಂದ ಬಿಸ್ಕತ್ತು ಬಿಟ್ಟೇಬಿಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆಯಿಟ್ಟ. ಹಿಂದಿನಿಂದ ಮೇಷ್ಟ್ರೂ ಟೈಲರಮ್ಮನೂ ಹೊಗಳಿಕೆಯಲ್ಲಿ ಪಾಲು ಕೇಳಲು ಬಂದು ನಿಂತಿದ್ದರು.

“ಕತ್ತಲೇಲಿ ಏನು ಕಾಣತ್ತೆ? ದೀಪ ಹಾಕೇ,” ಎಂದಳು ನರ್ಸಕ್ಕ.

ಹೆಂಡತಿ ತಡಕಿ ತಡಕಿ ಸ್ವಿಚ್ಚು ಹುಡುಕಿ ಒತ್ತಿದಳು.

ಇದ್ದಿಲು ಗೋಡೆಯ ಮೇಲೆ, ಅಡಿಗೆಮನೆಯ ಬಾಗಿಲಿಂದ ಅಟ್ಟದವರೆಗೆ, ಬಿಳೀ ಹಿಟ್ಟಿನ ಕೈಗುರುತುಗಳು ಸಾಲಾಗಿ ಏರಿಹೋಗಿದ್ದವು. ಒಂದೊಂದರಲ್ಲೂ ನಾಲ್ಕೂವರೆ ಬೆರಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಏನೂ ಅನ್ನುವ ಮೊದಲೇ ಗಿರಣಿಯಣ್ಣ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನರ್ಸಕ್ಕ ತಾನೇ ಸ್ಟೂಲು ತಂದು ಹತ್ತಿ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಒಳಗೆ ನೋಡಿ, ಮುಚ್ಚಿದಳು.

“ನೀವು ಒರಗಿದ ಕಡೆಯೆಲ್ಲ ಹಿಟ್ಟು ಮೆತ್ತತ್ತೆ ಅಂತ್ಲೇ ನಾನು ಮನೆಗೆಲ್ಲ ಬಿಳಿ ಬಳಿಸಿದ್ದು,” ಎಂದಳು ಹೆಂಡತಿ. ಅವಳ ಕಣ್ಣು ಆಗಲೇ ಒಣಗಿತ್ತು. “ಅದರ ಮರೇಲಿ ಇಷ್ಟು ದಿನ ಏನೇನು ನಡೀತೋ!”

“ಪೆಟ್ಟಿಗೆ ಒಳಗಿಡು,” ಎಂದಳು ನರ್ಸಕ್ಕ. “ಆರು ತಿಂಗಳು. ಆಮೇಲೆ ನಾನು ಹೋದ್ರೂ ಈ ಬಣ್ಣ ಮಾತ್ರ ತೆಗೀಬೇಡ. ಒಂದು ಕೋಣೇನೂ ಬಿಡದೆ ಬಳಿಸಿದ್ದಾನೆ, ಪುಣ್ಯಾತ್ಮ. ರಾತ್ರಿಹಗಲು ಕಾಯೋ ನರ್ಸು ಇದ್ದ ಹಾಗೆ.”

ಮೇಷ್ಟ್ರಿಗೆ ಅರ್ಥವಾಗಿದ್ದು ಬಣ್ಣ ಎಲ್ಲರಿಗೂ ಹಿಡಿಸಿತು ಎನ್ನುವುದೊಂದೇ. ಅವರು ಗಿರಣಿಯಣ್ಣನ ಹಿಟ್ಟಿನ ಹೆಗಲು ತಟ್ಟಿದರು.

“ನಾಳೆ ಬಂದು ಇನ್ನೊಂದು ಕೋಟ್ ಹೊಡೀತೀನಿ. ಇನ್ನೂ ಚೆನ್ನಾಗಿ ಎದ್ದು ಕಾಣತ್ತೆ.”